‘ಗಾಡಿ ಕೂತಿದೆ’ ಅಂದರೆ ಹೊಗಳಿಕೆಯೋ, ದೂರೋ?

ಗೆಳೆಯರೇ,

ನಾನು ಕೇಳಬೇಕಿರುವುದು ‘ಕೂರು’ ಅನ್ನುವ ಪದದ ಬಗ್ಗೆ. ಎಲ್ಲರಿಗೂ ಗೊತ್ತಿರುವ ಪದವೇ. ಆದರೆ ಮೂರು ವಾರದಿಂದ ಅದು ನನ್ನನ್ನು ಬಿಟ್ಟಿಲ್ಲ.

ಮೈಸೂರಿನಲ್ಲಿ ಗ್ಯಾರೇಜ್ ಇಟ್ಟಿರುವ ಗೆಳೆಯನೊಬ್ಬ ಒಂದು ಕೆಲಸ ಕೊಟ್ಟ. ಅವನ ಹತ್ತಿರ ಬರುವ ಹುಡುಗರಲ್ಲಿ ಕಾರನ್ನು ನೆಲಕ್ಕೆ ಹತ್ತಿರ ಮಾಡಿಸುವವರು, ಅಗಲದ ಅಲಾಯ್ ಚಕ್ರ ಹಾಕಿಸುವವರು ಜಾಸ್ತಿ. ಏನು ಮಾಡುತ್ತೇವೆ, ಏನು ಎಚ್ಚರ ಬೇಕು ಅಂತ ಒಂದು ಪುಟ ಕನ್ನಡದಲ್ಲಿ ಬರೆದುಕೊಡು ಅಂದ. ಒಂದು ಪುಟ ತಾನೇ ಅಂತ ಒಪ್ಪಿಕೊಂಡೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟೆ.

ನನ್ನ ಕಾರಿಗೂ ಗಿಡ್ಡ ಸ್ಪ್ರಿಂಗ್ ಹಾಕಿದೆ. 35 ಮಿಲಿಮೀಟರ್ ಕೆಳಗಿಳಿದಿದೆ. ಕೆಲಸ ಮುಗಿದ ದಿನ ಗ್ಯಾರೇಜಿನ ಹುಡುಗ ಎರಡು ಹೆಜ್ಜೆ ಹಿಂದೆ ಸರಿದು, ‘ಹೆಂಗೆ ಕೂತಿದೆ ನೋಡಿ ಸಾರ್’ ಅಂದ. ಹೊಗಳಿಕೆ ಅದು, ಮನಸಾರೆ. ಆ ಭಾನುವಾರವೇ ಮದ್ದೂರಿನ ಹತ್ತಿರದ ನಮ್ಮೂರಿಗೆ ಹೋದೆ. ಅಪ್ಪ ವಯಸ್ಸಿನಲ್ಲಿ ಎತ್ತಿನ ಗಾಡಿಯಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದವರು. ಕಾರಿನ ಸುತ್ತ ಒಂದು ಸಲ ಬಂದು, ‘ಏನ್ಲಾ, ಗಾಡಿ ಕುಂತೋಗದಲ್ಲ?’ ಅಂದರು. ಅವರ ದನಿಯಲ್ಲಿ ನಿಜವಾದ ಚಿಂತೆ ಇತ್ತು.

ಪದ ಒಂದೇ. ಒಬ್ಬರಿಗೆ ಅದು ಅಂದ, ಇನ್ನೊಬ್ಬರಿಗೆ ಕೇಡು.

ಸ್ವಲ್ಪ ಯೋಚಿಸಿದರೆ ಇಬ್ಬರ ಮಾತೂ ಸರಿ. ಕನ್ನಡದಲ್ಲಿ ‘ಕೂರು’ ಎರಡು ದಾರಿ ಹಿಡಿಯುತ್ತದೆ. ಗೋಡೆ ಕೂತಿದೆ, ಗಂಟಲು ಕೂತಿದೆ ಅಂದಾಗ ಏನೋ ಕುಸಿದಿದೆ, ಕೆಟ್ಟಿದೆ. ಅಂಗಿ ಚೆನ್ನಾಗಿ ಕೂತಿದೆ, ಬಾಗಿಲು ಚೌಕಟ್ಟಿನಲ್ಲಿ ಕೂತಿದೆ, ಮಾತು ಮನಸ್ಸಿನಲ್ಲಿ ಕೂತಿದೆ ಅಂದಾಗ ಏನೋ ತನ್ನ ಜಾಗಕ್ಕೆ ಸರಿಯಾಗಿ ಬಂದಿದೆ. ಕಾರಿನ ವಿಷಯದಲ್ಲಿ ಈ ಎರಡು ದಾರಿಯೂ ಬಂದು ಸೇರುತ್ತವೆ. ಹಳೇ ಗಾಡಿಯ ಸ್ಪ್ರಿಂಗ್ ಸೋತು ಹಿಂಭಾಗ ತಗ್ಗಿದರೂ ‘ಕೂತಿದೆ’. ಬೇಕು ಅಂತಲೇ ತಗ್ಗಿಸಿದರೂ ‘ಕೂತಿದೆ’.

ಅಪ್ಪನ ಮಾತಿನಲ್ಲಿ ‘ಹೋಗು’ ಸೇರಿತ್ತು ಅನ್ನುವುದನ್ನು ಗಮನಿಸಿ. ಕೂತುಹೋಯಿತು ಅಂದರೆ ತಾನಾಗಿ ಕೆಟ್ಟದ್ದು. ನಾವು ಮಾಡಿದ್ದಾದರೆ ಕೂರಿಸಿದ್ದು. ಈ ‘ಕೂರಿಸು’ ಮೈಸೂರಿನವರಿಗೆ ಬಹಳ ಹತ್ತಿರದ ಪದ. ದಸರೆಯಲ್ಲಿ ಗೊಂಬೆ ಕೂರಿಸುತ್ತೇವೆ, ಸುಮ್ನೆ ಇಡುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಪಟ್ಟದ ಗೊಂಬೆ ಎಲ್ಲಿ, ಉಳಿದವು ಎಲ್ಲಿ ಅಂತ ನೋಡಿ, ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ಸರಿಸಿ ಕೂರಿಸುತ್ತೇವೆ. ಚಕ್ರದ ಕೆಲಸವೂ ಹಾಗೆಯೇ ಇದೆ. ಮಿಲಿಮೀಟರ್ ಲೆಕ್ಕದಲ್ಲಿ ಒಳಗೆ, ಹೊರಗೆ ಸರಿಸಿ ಅದನ್ನು ಅದರ ಜಾಗಕ್ಕೆ ತರುವುದು. ಹಾಗಾಗಿ ನನ್ನ ಪುಟದಲ್ಲಿ ‘ಚಕ್ರ ಕೂರಿಸುವುದು’ ಅಂತಲೇ ಬರೆಯಬೇಕು ಅಂತ ನನಗೆ ಬಲವಾಗಿ ಅನ್ನಿಸಿದೆ.

ಪುಸ್ತಕದ ಪದ ‘ಅಳವಡಿಕೆ’ ಇದೆಯಲ್ಲ ಅಂತ ಕೆಲವರು ಹೇಳಬಹುದು. ಅದು ಒಳ್ಳೆಯ ಪದವೇ. ಅಳವು ಅಂದರೆ ಅಳತೆ, ಶಕ್ತಿ. ಅಳವಡು ಅಂದರೆ ಅಳತೆಗೆ ಹೊಂದು, ತಕ್ಕುದಾಗು. ಹಳೆಯ ಅರ್ಥ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಈಗ ಫ್ಯಾನ್ ಅಳವಡಿಸಿದರು, ಕ್ಯಾಮೆರಾ ಅಳವಡಿಸಿದರು ಅಂತ ಬರೆದೂ ಬರೆದೂ ಅದರಲ್ಲಿದ್ದ ಅಳತೆ ಮರೆಯಾಗಿದೆ. ಸಿಕ್ಕಿಸಿದರು ಅನ್ನುವಷ್ಟು ಅರ್ಥ ಮಾತ್ರ ಉಳಿದಿದೆ. ‘ಹೊಂದಿಕೆ’ ಹತ್ತಿರ ಬರುತ್ತದೆ, ಆದರೆ ಅದನ್ನು ಕೇಳಿದರೆ ಜಾತಕ, ಮನೆತನ ನೆನಪಾಗುತ್ತದೆ, ಅಲ್ವಾ?

‘ಕೂರು’ವಿನಲ್ಲೂ ಒಂದು ಅಪಾಯ ಇದೆ, ಅದನ್ನು ನಾನೇ ಅನುಭವಿಸಿದ್ದೇನೆ. ಮೊದಲ ಸಲ ಚಕ್ರ ಕೊಂಡದ್ದು ಬೇರೆ ಅಂಗಡಿಯಲ್ಲಿ. ಈ ಚಕ್ರ ನನ್ನ ಕಾರಿಗೆ ಆಗುತ್ತಾ ಅಂತ ಕೇಳಿದೆ. ‘ಕೂರುತ್ತೆ ಸಾರ್’ ಅಂದರು. ಅವರು ಹೇಳಿದ್ದು ಬೋಲ್ಟಿನ ತೂತುಗಳ ಮಾತು. ನಾಲ್ಕು ತೂತು, ಅವುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ಅಡ್ಡಳತೆ 100 ಮಿಲಿಮೀಟರ್. ನನ್ನ ಕಾರಿನದೂ ಅಷ್ಟೇ, ಕೂತಿತು. ಆದರೆ ನಾನು ಕೇಳಿದ್ದು ಮಡ್‌ಗಾರ್ಡಿನ ಒಳಗೆ ಕೂರುತ್ತಾ ಅಂತ. ನಾಲ್ಕು ಜನ ಹತ್ತಿ ಚಾಮುಂಡಿ ಬೆಟ್ಟದ ತಿರುವಿಗೆ ಬಂದಾಗ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜಿದ ಸದ್ದು ಇನ್ನೂ ಕಿವಿಯಲ್ಲಿದೆ.

ಲೆಕ್ಕ ಹೇಳುತ್ತೇನೆ, ಪದದ ಚರ್ಚೆಗೆ ಅದು ಬೇಕು. ಹಳೇ ಚಕ್ರ 6 ಇಂಚು ಅಗಲ, ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಕೂರುತ್ತದೆ ಅನ್ನುವ ಅಳತೆ, ಮುಂದೆ ಬಿಡಿಸಿ ಹೇಳುತ್ತೇನೆ) 45 ಮಿಲಿಮೀಟರ್. ಹೊಸದು 7 ಇಂಚು, ಆಫ್‌ಸೆಟ್ 38. ಒಂದು ಇಂಚು ಅಗಲವಾದರೆ ಎರಡೂ ಬದಿಗೆ ತಲಾ 12.7 ಮಿಲಿಮೀಟರ್ ಬೆಳೆಯುತ್ತದೆ. ಆಫ್‌ಸೆಟ್ 7 ಕಡಿಮೆ ಆದದ್ದರಿಂದ ಇಡೀ ಚಕ್ರ 7 ಮಿಲಿಮೀಟರ್ ಹೊರಗೆ ಬಂತು. ಹೊರ ಅಂಚು 19.7 ಮಿಲಿಮೀಟರ್ ಆಚೆ ಹೋಯಿತು, ಒಳ ಅಂಚು 5.7 ಮಿಲಿಮೀಟರ್ ಸಸ್ಪೆನ್ಷನ್ ಕಡೆಗೆ ಬಂತು. ಹೊರಗೆ ಸುಮಾರು 2 ಸೆಂಟಿಮೀಟರ್! ಇದನ್ನು ‘ಕೂರುತ್ತೆ’ ಅನ್ನುವ ಒಂದೇ ಪದದಲ್ಲಿ ಮುಗಿಸಿಬಿಟ್ಟರು.

ಆಫ್‌ಸೆಟ್ಟಿಗೆ ಏನು ಹೇಳೋಣ? ಚಕ್ರದ ಮೇಲೆ ಈ ಅಂಕಿಗೆ ಮೊದಲು ‘ಇಟಿ’ ಅಂತ ಕೆತ್ತಿರುತ್ತದೆ. ಅದು ಜರ್ಮನ್ ಪದ ಐನ್‌ಪ್ರೆಸ್‌ಟೀಫದ ಗುರುತು. ಬಿಡಿಸಿದರೆ ‘ಒಳಗೆ ಒತ್ತಿದ ಆಳ’. ಚಕ್ರದ ಅಗಲದ ನಟ್ಟನಡು ಗೆರೆಯಿಂದ, ಅದು ಹಬ್ಬಿಗೆ, ಅಂದರೆ ಚಕ್ರವನ್ನು ಬೋಲ್ಟ್ ಮಾಡುವ ಕಾರಿನ ಭಾಗಕ್ಕೆ, ತಾಗುವ ಮುಖದವರೆಗಿನ ದೂರ. ನಾನು ‘ಕೂರುವ ಆಳ’ ಅಂತ ಬರೆದು ಗ್ಯಾರೇಜಿನವರಿಗೆ ತೋರಿಸಿದೆ. ಆಳ ಜಾಸ್ತಿ ಆದರೆ ಚಕ್ರ ಒಳಗೆ, ಕಡಿಮೆ ಆದರೆ ಹೊರಗೆ. ಒಬ್ಬನೂ ತಿರುಗಿ ಕೇಳಲಿಲ್ಲ. ನನಗೆ ಅದು ಸಾಕು.

ಕ್ಯಾಂಬರಿಗೆ ‘ವಾಲು’ ಅಂತ ಹಾಕಿದ್ದೇನೆ. ಚಕ್ರದ ತಲೆ ಒಳಗೆ ವಾಲಿದರೆ ಒಳವಾಲು, ಹೊರಗೆ ವಾಲಿದರೆ ಹೊರವಾಲು. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು, ಅದಕ್ಕೆ ‘ಮುಖ’. ಹುಡುಗರು ಆಗಲೇ ‘ಚಕ್ರ ಒಳಗೆ ನೋಡ್ತಿದೆ’ ಅನ್ನುತ್ತಾರೆ, ಹಾಗಾಗಿ ಒಳಮುಖ, ಹೊರಮುಖ. ಕಾರು ತಗ್ಗಿಸಿದಾಗ ಸಾಮಾನ್ಯವಾಗಿ ಒಳವಾಲು ಹೆಚ್ಚುತ್ತದೆ, ಮುಖವೂ ಬದಲಾಗುತ್ತದೆ. ಅಲೈನ್‌ಮೆಂಟ್, ಅಂದರೆ ಇವನ್ನು ಅಳೆದು ಸರಿಪಡಿಸುವ ಕೆಲಸ, ಮಾಡಿಸದೇ ಓಡಿಸಿದರೆ ಟೈರಿನ ಒಳಬದಿ ಸವೆಯುತ್ತದೆ. ಇಲ್ಲಿ ಗ್ಯಾರೇಜಿನ ಮಾತು ಎಷ್ಟು ಚೆನ್ನಾಗಿದೆ ನೋಡಿ: ‘ಒಳಗಡೆ ತಿಂದಿದೆ’. ಗಾಡಿ ಟೈರನ್ನು ತಿನ್ನುತ್ತದೆ. ಇದಕ್ಕೆ ಬೇರೆ ಪದ ಹುಡುಕುವುದೇ ತಪ್ಪು. ಹಾಗೆಯೇ ಮಡ್‌ಗಾರ್ಡಿನ ಒಳ ಅಂಚನ್ನು ಬಿಸಿ ಮಾಡಿ ಒಳಗೆ ಬಗ್ಗಿಸುವ ಕೆಲಸಕ್ಕೆ ‘ಅಂಚು ಮಡಚುವುದು’ ಅಂತ ದರ್ಜಿಯ ಪದವನ್ನೇ ತಂದಿದ್ದೇನೆ.

ಕಾರನ್ನು ಕೆಳಗೆ ತರುವುದಕ್ಕೆ ಯಾವ ಪದ? ‘ಗಾಡಿ ಇಳಿಸು’ ಅಂದರೆ ಲಾರಿಯಿಂದ ಇಳಿಸಿದಂತೆ ಕೇಳುತ್ತದೆ. ‘ಕುಗ್ಗಿಸು’ ಅಂದರೆ ಮನಸ್ಸು ಕುಗ್ಗುತ್ತದೆ. ‘ತಗ್ಗಿಸು’ ಸದ್ಯಕ್ಕೆ ಉಳಿದಿದೆ. ತಲೆ ತಗ್ಗಿಸುವುದರ ನೆರಳು ಇದ್ದರೂ ತಗ್ಗು, ದಿಣ್ಣೆಯ ತಗ್ಗೂ ಅದೇ ತಾನೇ. ಆದರೆ ಗಿಡ್ಡ ಸ್ಪ್ರಿಂಗ್ ಹಾಕುವುದು, ಇದ್ದ ಸ್ಪ್ರಿಂಗನ್ನೇ ಕತ್ತರಿಸುವುದು, ಇವೆರಡನ್ನೂ ‘ತಗ್ಗಿಸು’ ಅಂತ ಒಂದೇ ಗೂಡಿಗೆ ಹಾಕಬಾರದು. ಕತ್ತರಿಸಿದ ತುದಿ ಸ್ಪ್ರಿಂಗ್ ಇಡುವ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಹಳ್ಳಕ್ಕೆ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡಬಹುದು. ಪುಟದಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.

ಇಂಗ್ಲಿಷಿನವರು ಇಡೀ ಗಾಡಿಯ ಈ ನೋಟಕ್ಕೆ ಸ್ಟಾನ್ಸ್ ಅನ್ನುತ್ತಾರೆ. ‘ನಿಲುವು’ ಅಂತ ತಕ್ಷಣ ಹೊಳೆಯುತ್ತದೆ, ನಾನೂ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ನಮ್ಮಲ್ಲಿ ‘ಗಾಡಿ ನಿಂತೋಯ್ತು’ ಅಂದರೆ ಕೆಟ್ಟು ನಿಂತಿತು ಅಂತ. ಈ ಪದದಲ್ಲಿ ಅವರ ಕಾರು ನಿಲ್ಲುತ್ತದೆ, ನಮ್ಮ ಕಾರು ಕೂರುತ್ತದೆ. ಇದು ಹೊಳೆದಾಗ ನನಗೆ ತುಂಬಾ ಖುಷಿಯಾಯಿತು.

ಈಗ ಸಿಕ್ಕಿಕೊಂಡಿರುವುದು ನಾಮಪದದಲ್ಲಿ. ‘ಕೂರಿಸುವಿಕೆ’ ಉದ್ದ, ಸರ್ಕಾರಿ ಸುತ್ತೋಲೆಯ ಹಾಗೆ. ‘ಕೂರ್ಮೆ’ ಅಂದರೆ ಹಳಗನ್ನಡದಲ್ಲಿ ಪ್ರೀತಿ, ಅದು ಬೇರೆಯೇ ಬೇರು. ಒಬ್ಬರು ‘ಅಚ್ಚುಕಟ್ಟು’ ಅಂದರು. ಗಾಡಿಯ ಅಚ್ಚೂ ನೆನಪಾಗುತ್ತದೆ, ಅಂದವೂ ಇದೆ. ಆದರೆ ಮಂಡ್ಯದಲ್ಲಿ ಅಚ್ಚುಕಟ್ಟು ಅಂದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಹರಿಯುವ ಗದ್ದೆ, ನನ್ನ ಕಣ್ಣಿಗೆ ಮೊದಲು ಬರುವುದೂ ಅದೇ. ಸದ್ಯಕ್ಕೆ ‘ಕೂರುಹದ’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಮಣ್ಣಿಗೆ, ಪಾಕಕ್ಕೆ ಹದ ಇದ್ದಂತೆ ಚಕ್ರಕ್ಕೂ ಒಂದು ಹದ.

ನನಗೆ ಬೇಕಾದ್ದು ಎರಡು. ನಿಮ್ಮ ಕಡೆ ಬಡಗಿಗಳು, ಕಮ್ಮಾರರು ಬಾಗಿಲು, ಕೀಲು, ಹಿಡಿ ಸರಿಯಾಗಿ ಕೂತದ್ದಕ್ಕೆ ಬಳಸುವ ನಾಮಪದ ಇದ್ದರೆ ತಿಳಿಸಿ, ಅವರು ಹೇಳುವ ಹಾಗೆಯೇ. ಇನ್ನೊಂದು, ‘ಗಾಡಿ ಕೂತಿದೆ’ ಅಂತ ನಿಮ್ಮ ಮನೆಯ ಹಿರಿಯರಿಗೆ ಹೇಳಿ, ಅವರು ಮೊದಲು ಏನು ಕೇಳುತ್ತಾರೆ ಅಂತ ಬರೆಯಿರಿ. ‘ಕೂರುಹದ’ ಕಿವಿಗೆ ಒರಟು ಅನ್ನಿಸಿದರೆ ಅದನ್ನೂ ನೇರವಾಗಿ ಹೇಳಿ. ಪುಟ ಅಚ್ಚಿಗೆ ಹೋಗುವುದು ಮುಂದಿನ ಸೋಮವಾರ.