ಊರಿಗೇ ಎತ್ತಂಗಡಿ

“ಎದುರುಮನೆಯವರು ಇನ್ನೊಂದು ಮಹಡಿ ಎಬ್ಬಿಸಿಬಿಟ್ಟರು. ಬೆಳಿಗ್ಗೆ ಎದ್ದರೆ ನನಗೀಗ ಅವರ ನೀರಿನ ಟ್ಯಾಂಕಿನದ್ದೇ ದರ್ಶನ,” ಎಂದು ಮೇಷ್ಟ್ರು ಗೋಳು ಶುರುಮಾಡಿದರು.

“ನಿಮಗೆ ಜೋಸೆಫ್ ಡೇಮರ್‌ನಷ್ಟು ದುಡ್ಡಿಲ್ಲ, ಅದಕ್ಕೇ ಗೋಳು,” ಎಂದೆ.

“ಯಾರಯ್ಯಾ ಅವನು?”

“ಇಂಗ್ಲೆಂಡಿನವನು. 1752ರಲ್ಲಿ ಡಾರ್ಸೆಟ್‌ನಲ್ಲಿ ಮಿಲ್ಟನ್ ಅಬಿ ಎಂಬ ಹಳೇ ಕ್ರೈಸ್ತ ಮಠವನ್ನು ಜಮೀನಿನ ಸಮೇತ ಕೊಂಡ. ಮರುವರ್ಷವೇ ಲಾರ್ಡ್ ಮಿಲ್ಟನ್ ಆದ. ಮಠದ ಚರ್ಚಿನ ಪಕ್ಕದಲ್ಲೇ ದೊಡ್ಡ ಬಂಗಲೆ ಕಟ್ಟಿಸಿದ. ಆದರೆ ಕಿಟಕಿ ತೆಗೆದರೆ ಎದುರಿಗೇ ಸಂತೆ ಊರು! ಅಂಗಡಿ, ಹೆಂಡದಂಗಡಿ, ಗಲಾಟೆ.”

“ಪರದೆ ಹಾಕಿಸಬಹುದಿತ್ತಲ್ವಾ?”

“ಊರನ್ನೇ ಕೆಡವಿಸಿದ.”

ಕಂಟ್ರಾಕ್ಟರ್ ಕಾಫಿ ಲೋಟ ಕೆಳಗಿಟ್ಟ. “ಪೂರ್ತಿನಾ?”

“ಲೀಸು ಮುಗಿದ ಹಾಗೆಲ್ಲ ಒಂದೊಂದೇ ಮನೆ. ಆ ಜಾಗದಲ್ಲಿ ಹುಲ್ಲು, ಮರ, ಕೆರೆ. ಪ್ಲಾನು ಮಾಡಿದವನು ಉದ್ಯಾನ ವಿನ್ಯಾಸಗಾರ ‘ಕೇಪಬಿಲಿಟಿ’ ಬ್ರೌನ್. ಯಾರ ಜಮೀನು ನೋಡಿದರೂ ‘ಇದಕ್ಕೆ ಕೇಪಬಿಲಿಟಿ ಇದೆ’ ಅನ್ನುತ್ತಿದ್ದನಂತೆ, ಅದೇ ಹೆಸರಾಯಿತು.”

“ನಾನೂ ಹಾಗೇ ಅನ್ನುತ್ತೀನಪ್ಪ. ನನಗೆ ಬೇರೆ ಹೆಸರಿಟ್ಟಿದ್ದಾರೆ.”

“ಜನ ಎಲ್ಲಿಗೆ ಹೋದರು?” ಮೇಷ್ಟ್ರಿಗೆ ಟ್ಯಾಂಕು ಮರೆತೇಹೋಗಿತ್ತು.

“ಬಂಗಲೆಗೆ ಕಾಣದ ಹಾಗೆ, ಗುಡ್ಡದ ಮರೆಯಲ್ಲಿ ಹೊಸ ಊರು ಮಾಡಿಸಿದ, ಮಿಲ್ಟನ್ ಅಬಾಸ್. 1780ರ ಸುಮಾರಿಗೆ. ಒಂದೇ ಬೀದಿ, ಎರಡೂ ಕಡೆ ಅಚ್ಚಿನಲ್ಲಿ ಒತ್ತಿದಂಥ ಹುಲ್ಲಿನ ಸೂರಿನ ಮನೆಗಳು. ನೋಡಿದರೆ ಮುದ್ದು ಬರುತ್ತೆ. ನೋಟ ಕೆಡುತ್ತೆ ಅಂತ ಅಟ್ಟಿದ ಊರು, ಈಗ ಜನ ಫೋಟೋ ಹಿಡಿಯೋದು ಅದನ್ನೇ. ಒಳಗೆ ಮಾತ್ರ ಒಂದೊಂದು ಮನೆಗೆ ಎರಡೆರಡು ಸಂಸಾರ ತುರುಕಿದ್ದ. ಮುಂಬಾಗಿಲು ಒಂದೇ.”

“ಹೊರಗೆ ಶೃಂಗಾರ, ಒಳಗೆ ಗೋಳಿಸೊಪ್ಪು!” ಎಂದ ಕಂಟ್ರಾಕ್ಟರ್. ಅವನ ಬಾಯಲ್ಲಿ ಈ ಮಾತು ಕೇಳಿ ನಾವ್ಯಾರೂ ಉಸಿರೆತ್ತಲಿಲ್ಲ.

“ಯಾರೂ ಕೋರ್ಟಿಗೆ ಹೋಗಲಿಲ್ವಾ?” ವಕೀಲರು ಆಗ ಬಾಯಿಬಿಟ್ಟರು.

“ಹ್ಯಾರಿಸನ್ ಎಂಬೊಬ್ಬ ಜಪ್ಪಯ್ಯ ಅಂದರೂ ಲೀಸು ಬಿಡಲಿಲ್ಲ. ಡೇಮರ್ ಕೊಳದ ತೂಬು ತೆಗೆಸಿ ಅವನ ಮನೆಗೆ ನೀರು ನುಗ್ಗಿಸಿದನಂತೆ. ಅವನು ಕೇಸು ಹಾಕಿ ಗೆದ್ದ. ಅವನೇ ವಕೀಲ.”

“ಹಂಗೆ ಹೇಳಿ!” ವಕೀಲರು ತಾವೇ ಗೆದ್ದವರ ಹಾಗೆ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಹೇಳಿದರು. ಈ ದಾಖಲೆ ಇಂಗ್ಲೆಂಡಿನದ್ದಕ್ಕಿಂತ ದೊಡ್ಡದು.

“ಊರಲ್ಲಿ ಶಾಲೆ ಇರಲಿಲ್ವಾ?” ಮೇಷ್ಟ್ರ ಚಿಂತೆ ಅವರದು.

“ಇತ್ತು, 1521ರಿಂದ. ಆ ಹುಡುಗರ ಕಾಟ ಬೇರೆ. 1785ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯಿದೆಯನ್ನೇ ಮಾಡಿಸಿ ಶಾಲೆಯನ್ನು ಬ್ಲಾಂಡ್‌ಫೋರ್ಡಿಗೆ ಸಾಗಹಾಕಿದ. ಆಮೇಲೆ ನೋಡಿ, 1954ರಲ್ಲಿ ಅವನ ಬಂಗಲೆಯೊಳಗೇ ಒಂದು ಶಾಲೆ ಶುರುವಾಯಿತು! ಅಷ್ಟೆಲ್ಲ ಖರ್ಚು ಮಾಡಿ ಚೆಂದ ಮಾಡಿಸಿದ ನೋಟ, ಆ ಕಿಟಕಿ ಪಕ್ಕ ಹುಡುಗರು ಕೂತು ಓದಿದರು.”

“ಸುಮ್ನಿರಯ್ಯಾ,” ಎಂದರು ಮೇಷ್ಟ್ರು. “ಮೂವತ್ತು ವರ್ಷ ಪಾಠ ಮಾಡಿದ್ದೀನಿ. ಕಿಟಕಿ ಪಕ್ಕ ಕೂತವನು ಯಾವನು ಓದಿದ್ದಾನೆ?”