ಹಾಯಿದೋಣಿಯ ಕಂಬವನ್ನು ನಿಲ್ಲಿಸುವ ತಂತಿಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರೆಲ್ಲರಿಗೂ ಕೊಪ್ಪಳದಿಂದ ನಮಸ್ಕಾರ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹಾಯಿದೋಣಿಯ ಕಂಬ ಬೀಳದಂತೆ ಅದನ್ನು ಮುಂದೆ, ಹಿಂದೆ, ಎರಡೂ ಪಕ್ಕಗಳಲ್ಲಿ ಬಿಗಿದು ನಿಲ್ಲಿಸುವ ಉಕ್ಕಿನ ತಂತಿಗಳಿರುತ್ತವೆ. ಅವೆಲ್ಲಕ್ಕೂ ಸೇರಿ ಇಂಗ್ಲಿಷಿನಲ್ಲಿ ಸ್ಟ್ಯಾಂಡಿಂಗ್ ರಿಗ್ಗಿಂಗ್ ಎನ್ನುತ್ತಾರೆ. ಹಾಯಿಯನ್ನು ಏರಿಸಲು, ಇಳಿಸಲು, ಗಾಳಿಗೆ ತಕ್ಕಂತೆ ಹೊರಳಿಸಲು ಕೈಯಿಂದ ಎಳೆಯುವ ಹಗ್ಗಗಳು ಬೇರೆ. ಅವು ರನ್ನಿಂಗ್ ರಿಗ್ಗಿಂಗ್. ಈ ಮೊದಲನೆಯದಕ್ಕೆ ಕನ್ನಡದಲ್ಲಿ ಯಾವ ಪದ ಒಪ್ಪುತ್ತದೆ? ಅದರ ಬಿಡಿಭಾಗಗಳಿಗೆ?

ಬಯಲುಸೀಮೆಯಲ್ಲಿ ಕುಳಿತು ಇದನ್ನು ಕೇಳುವುದಕ್ಕೆ ಕಾರಣವಿದೆ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯಿಂದ ಗೋವಾಕ್ಕೆ ದುಡಿಯಲು ಹೋಗುವವರು ಬಹಳ. ಹೆಚ್ಚಿನವರಿಗೆ ಕಟ್ಟಡದ ಕೆಲಸ. ನನ್ನ ಅಕ್ಕನ ಮಗ ಮತ್ತು ಅವನ ಓಣಿಯ ಕೆಲವು ಹುಡುಗರು ಮಾತ್ರ ದೋಣಿ ದುರಸ್ತಿಯ ಅಂಗಳವೊಂದನ್ನು ಸೇರಿದ್ದಾರೆ. ಹಳೆಯ ಫೈಬರ್ ಹಾಯಿದೋಣಿಗಳ ತಂತಿಗಳನ್ನು ಕಳಚಿ ಹೊಸದನ್ನು ಕಟ್ಟುವುದು ಅಲ್ಲಿನ ಕೆಲಸಗಳಲ್ಲಿ ಒಂದು. ಕೈಪಿಡಿಗಳು ಇಂಗ್ಲಿಷಿನವು, ಮೇಸ್ತ್ರಿ ಹೇಳುವುದು ಹಿಂದಿ, ಕೊಂಕಣಿ ಬೆರೆತ ಮಾತಿನಲ್ಲಿ. ಹುಡುಗರು ಕನ್ನಡ ಶಾಲೆಯಲ್ಲಿ ಕಲಿತವರು. ಅವರ ಕೈಗೆ ಕನ್ನಡದ ಒಂದು ಕಿರುಹೊತ್ತಿಗೆ ಕೊಡಬೇಕೆಂದು ಹಟ ಹಿಡಿದು ಬರೆಯುತ್ತಿದ್ದೇನೆ. ಕಂಬದ ತುದಿಗೆ ಏರಿ ಕೆಲಸ ಮಾಡುವವನು ಒಂದು ಪದವನ್ನು ತಪ್ಪಾಗಿ ತಿಳಿದು ಬೇರೆ ತಂತಿಯನ್ನು ಸಡಿಲಿಸಿದರೆ ಕಂಬವೂ ಬೀಳುತ್ತದೆ, ಅವನೂ ಬೀಳುತ್ತಾನೆ. ಹಾಗಾಗಿ ಪದಗಳ ವಿಷಯದಲ್ಲಿ ಇಷ್ಟು ಕಾಳಜಿ.

ನಮ್ಮ ಭಾಗದ ನೀರಿನ ಮಾತು ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಆನೆಗೊಂದಿಯ ಹರಿಗೋಲಿಗಾಗಲಿ ಕೃಷ್ಣೆಯ ನಡುಗಡ್ಡೆಗಳ ತೆಪ್ಪಕ್ಕಾಗಲಿ ಹಾಯಿಯಿಲ್ಲ, ಕಂಬವಿಲ್ಲ. ಅಂಬಿಗ, ಹುಟ್ಟು, ಸುಳಿ, ಮಡುವುಗಳಿಗೆ ನಮ್ಮಲ್ಲಿ ಪದಗಳಿವೆ. ಕಂಬಕ್ಕೆ ಕಟ್ಟುವ ತಂತಿಗೆ ಇಲ್ಲ. ನಿಘಂಟು ತೆರೆದರೆ ಹಡಗಿನ ಕಂಬಕ್ಕೆ ಕೂವೆ ಎಂಬ ಹಳೆಯ, ಚೆಂದದ ಪದ ಸಿಗುತ್ತದೆ. ಆದರೆ ಕರಾವಳಿ, ಮಲೆನಾಡಿನವರಿಗೆ ಕೂವೆ ಎಂದರೆ ಹಿಟ್ಟು ಮಾಡುವ ಗೆಡ್ಡೆ, ನಮ್ಮ ಹುಡುಗರಿಗೆ ಅದೂ ತಿಳಿಯದು. ಹಾಯಿಗಂಬ ಎಂದು ಬರೆದಿದ್ದೇನೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ತೊಡಕು ಶುರುವಾಗುವುದು ತಂತಿಗಳಲ್ಲಿ. ಪಕ್ಕದ ತಂತಿಗೆ ಇಂಗ್ಲಿಷಿನಲ್ಲಿ ಶ್ರೌಡ್ ಎಂಬ ಹೆಸರು. ಸಾಮಾನ್ಯ ನಿಘಂಟಿನಲ್ಲಿ ಆ ಪದಕ್ಕೆ ಮೊದಲು ಕಾಣುವ ಅರ್ಥ ಹೆಣಕ್ಕೆ ಹೊದಿಸುವ ಬಟ್ಟೆ. ಮೊಬೈಲಿನಲ್ಲಿ ಅನುವಾದ ಮಾಡಿ ನೋಡುವ ಹುಡುಗನಿಗೆ ‘ಎಡಗಡೆಯ ಶವವಸ್ತ್ರವನ್ನು ಬಿಗಿಗೊಳಿಸಿ’ ಎಂದು ಬಂದರೆ ಅವನು ಏನು ಮಾಡಬೇಕು? ಮುಂದಿನ, ಹಿಂದಿನ ತಂತಿಗಳಿಗೆ ಸ್ಟೇ ಎಂಬ ಹೆಸರಿದೆ. ಇದು ಸ್ವಲ್ಪ ವಾಸಿ, ಏಕೆಂದರೆ ಕರೆಂಟ್ ಕಂಬದ ಸ್ಟೇ ವೈರ್ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಲೈನ್ ತಿರುಗುವಲ್ಲಿ, ಮುಗಿಯುವಲ್ಲಿ ಎಳೆತವೆಲ್ಲ ಒಂದೇ ಕಡೆಗಿರುತ್ತದೆ. ಆ ಕಂಬ ಬಾಗದಂತೆ ಎದುರು ದಿಕ್ಕಿಗೆ ಓರೆಯಾಗಿ ಭೂಮಿಗೆ ಬಿಗಿದ ತಂತಿ ಅದು. ಕೆಲಸ ಒಂದೇ. ಆದರೆ ಪತ್ರಿಕೆ ಓದುವವರಿಗೆ ಸ್ಟೇ ಎಂದರೆ ಕೋರ್ಟಿನ ತಡೆಯಾಜ್ಞೆ, ಜೊತೆಗೆ ಈ ಪದದಿಂದ ಪಕ್ಕದ ತಂತಿಗಳಿಗೆ ಹೆಸರು ಹುಟ್ಟುವುದಿಲ್ಲ.

ಆಸರೆ, ಆನಿಕೆ, ಊರೆಗಳನ್ನು ಒಬ್ಬ ಹಿರಿಯರು ಸೂಚಿಸಿದರು. ಎಷ್ಟೇ ಗೌರವವಿದ್ದರೂ ಒಪ್ಪಲಾಗಲಿಲ್ಲ. ಆನಿಕೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ವಾಲಿದ ಗೋಡೆಗೆ ಕೊಟ್ಟ ತೊಲೆ. ಅದು ಒತ್ತಿ ನಿಲ್ಲಿಸುತ್ತದೆ. ತಂತಿಗೆ ಒತ್ತಲು ಬರುವುದಿಲ್ಲ. ಅದು ಎಳೆಯಬಲ್ಲುದು ಅಷ್ಟೇ. ಗಾಳಿ ಎಡದಿಂದ ಬಂದು ದೋಣಿ ಬಲಕ್ಕೆ ವಾಲಿದಾಗ ಭಾರ ಹೊರುವುದು ಎಡಗಡೆಯ ತಂತಿ, ಅಂದರೆ ಗಾಳಿ ಬರುವ ಕಡೆಯದು. ಆಸರೆ ತಂತಿ ಎಂದು ಓದಿದವನು ವಾಲಿದ ಬದಿಯ ತಂತಿಯೇ ಕಂಬವನ್ನು ತಾಳಿ ನಿಲ್ಲಿಸಿದೆ ಎಂದು ತಿಳಿಯುತ್ತಾನೆ. ಇಲ್ಲಿ ಪದ ತಪ್ಪಿದರೆ ಕೆಲಸದ ಮರ್ಮವೇ ತಪ್ಪಿದಂತೆ.

ಎಳೆತದ ಅರ್ಥ ಬೇಕೆಂದು ಜಗ್ಗುತಂತಿ ಎಂದು ಬರೆಯಬಹುದಿತ್ತು. ಹಗ್ಗಜಗ್ಗಾಟದಿಂದಾಗಿ ಆ ಪದ ನಾಡಿಗೆಲ್ಲ ಪರಿಚಿತ. ಆದರೆ ಹಾಯಿ ಏರಿಸಲು ಮನುಷ್ಯರು ಜಗ್ಗುವ ಹಗ್ಗಗಳಿವೆಯಲ್ಲ, ಜಗ್ಗುಹಗ್ಗ ಎಂಬುದು ಅವುಗಳಿಗೇ ಸಲ್ಲಬೇಕು. ಇನ್ನು ಉಳಿದದ್ದು ಹಿಡಿತಂತಿ ಮತ್ತು ಬಿಗಿತಂತಿ. ಹಿಡಿತಂತಿಯಲ್ಲಿ ಕಂಬವನ್ನು ಹಿಡಿದಿಡುವ ಅರ್ಥವಿದೆ, ಆದರೆ ಕೈಯಲ್ಲಿ ಹಿಡಿಯುವ ತಂತಿ ಎಂದೂ ಓದಿಕೊಳ್ಳಬಹುದು. ಬಿಗಿತಂತಿಯ ಕಡೆಗೆ ನನ್ನ ಮನಸ್ಸು ವಾಲಿದೆ. ‘ಬಿಗಿತಂತಿ ಸಡಿಲವಾಗಿದೆ’ ಎಂಬ ವಾಕ್ಯ ಕಂಡೊಡನೆಯೇ ಏನೋ ಕೆಟ್ಟಿದೆ ಎಂದು ಓದುವವನಿಗೆ ಹೊಳೆಯುತ್ತದೆ. ಪದವೇ ಎಚ್ಚರಿಕೆ ಕೊಡುತ್ತದೆ.

ಇದನ್ನು ಒಪ್ಪಿದರೆ ಮುಂದಿನ ಬಿಗಿತಂತಿ, ಹಿಂದಿನ ಬಿಗಿತಂತಿ ಎಂಬವು ತಾವಾಗಿಯೇ ಬರುತ್ತವೆ. ಪಕ್ಕದವುಗಳಲ್ಲಿ ಎರಡು ಬಗೆ: ಕಂಬದ ತುದಿಯಿಂದ ಇಳಿಯುವವು, ಕಂಬದ ನಡುಮಟ್ಟದಿಂದ ಇಳಿಯುವವು. ಮೊದಲ ಕರಡಿನಲ್ಲಿ ಮೇಲಿನ ತಂತಿ, ಕೆಳಗಿನ ತಂತಿ ಎಂದು ಬರೆದು ಅಕ್ಕನ ಮಗನಿಗೆ ಕಳುಹಿಸಿದೆ. ಅವನು ಫೋನಿನಲ್ಲಿ ಕೇಳಿದ: “ಮಾವ, ಎರಡೂ ಬಂದು ಸೇರುವುದು ಕೆಳಗೆ ಒಂದೇ ಕಡೆ. ನಾನು ಕೆಳಗೆ ನಿಂತಿರುವಾಗ ಮೇಲಿನ ತಂತಿಯ ಕೆಳತುದಿ ಬಿಚ್ಚು ಎಂದರೆ ಯಾವುದನ್ನು ಬಿಚ್ಚಲಿ?” ಈಗ ನೆತ್ತಿತಂತಿ, ನಡುತಂತಿ ಎಂದು ಮಾಡಿದ್ದೇನೆ. ಕಂಬದ ನೆತ್ತಿಯಿಂದ ಬಂದದ್ದು ಎಲ್ಲಿ ನಿಂತು ನೋಡಿದರೂ ನೆತ್ತಿತಂತಿಯೇ.

ಕನ್ನಡ ಸಿರಿವಂತವಾಗಿರುವ ಕಡೆ ಹೇಳಲೇಬೇಕು. ಈ ತಂತಿಯನ್ನು ಒಂದು ಗುಣಿಸು ಹತ್ತೊಂಬತ್ತು ಎಂದು ಗುರುತಿಸುತ್ತಾರೆ. ನಡುವೆ 1, ಅದರ ಸುತ್ತ 6, ಹೊರಸುತ್ತಿನಲ್ಲಿ 12, ಒಟ್ಟು 19 ಎಳೆಗಳು ಸೇರಿ ಒಂದು ಹುರಿ. ಬಾಗಿ ಬಳುಕಬೇಕಾದ ಕಡೆ ಬಳಸುವ ಇನ್ನೊಂದು ಬಗೆಯಲ್ಲಿ ಇಂಥ 7 ಹುರಿಗಳು, ಅಂದರೆ 133 ಎಳೆಗಳು. ಇಂಗ್ಲಿಷಿನಲ್ಲಿ ವೈರ್ ಎಂದರೆ ಒಂದೆಳೆಯೂ ಹೌದು, ಪೂರ್ತಿ ತಂತಿಯೂ ಹೌದು; ಕಲಿಯುವವರು ಅಲ್ಲಿ ಎಡವುತ್ತಾರೆ. ಪುಂಡಿ ನಾರಿನಿಂದ ಹಗ್ಗ ಹೊಸೆದವರ ಮನೆಯ ಹುಡುಗನಿಗೆ ಇದನ್ನು ವಿವರಿಸುವುದೇ ಬೇಡ. ಎಳೆ ಸೇರಿದರೆ ಹುರಿ, ಹುರಿ ಸೇರಿದರೆ ಹಗ್ಗ. ಒಂದೊಂದು ಹಂತಕ್ಕೂ ತನ್ನದೇ ಪದ.

ಕ್ರಿಯಾಪದಗಳೂ ಹಾಗೆಯೇ. ಕಂಬ ಮುರಿಯುತ್ತದೆ, ಹಗ್ಗ ಹರಿಯುತ್ತದೆ, ಕೊಳವೆ ಸೀಳುತ್ತದೆ. ಬಿಗಿತಂತಿ ಹಾಳಾಗುವುದು ಸಾಮಾನ್ಯವಾಗಿ ಒಮ್ಮೆಲೇ ಹರಿದು ಅಲ್ಲ. ಹೊರಸುತ್ತಿನ ಒಂದು ಎಳೆ ತುಂಡಾಗಿ ಮುಳ್ಳಿನಂತೆ ಹೊರಚಾಚುತ್ತದೆ. ಅದನ್ನು ಕಂಡುಹಿಡಿಯಲು ಬರಿಗೈಯಿಂದ ಸವರಬಾರದು, ಬೆರಳು ಸೀಳುತ್ತದೆ. ಒಂದು ಹಿಡಿ ಹತ್ತಿಯನ್ನು ತಂತಿಗೆ ಸುತ್ತಿ ಮೇಲಿನಿಂದ ಕೆಳಗೆ ಎಳೆಯಬೇಕು. ಎಳೆ ತುಂಡಾದ ಕಡೆ ಹತ್ತಿ ಸಿಕ್ಕಿ ನಿಲ್ಲುತ್ತದೆ. ಒಂದೇ ಎಳೆ ಹೋಗಿದ್ದರೂ ಆ ತಂತಿಯನ್ನು ಬದಲಿಸಲೇಬೇಕು. ಇದಕ್ಕೆ ‘ಎಳೆಬಿಟ್ಟಿದೆ’ ಎಂದು ಬರೆದಿದ್ದೇನೆ. ಸೀರೆ, ಕಂಬಳಿಯ ವಿಷಯದಲ್ಲಿ ಹೀಗೆ ಹೇಳುವುದುಂಟು. ಉಕ್ಕಿಗೂ ಸಲ್ಲುತ್ತದೆಯೇ, ತಿಳಿಸಿ.

ಒಂದು ಪದವನ್ನು ಮಾತ್ರ ಕನ್ನಡಿಸಬಾರದೆಂದು ಗಟ್ಟಿಯಾಗಿ ನಿರ್ಧರಿಸಿದ್ದೇನೆ: ಸ್ಟೇನ್‌ಲೆಸ್ ಸ್ಟೀಲ್. ತುಕ್ಕುಹಿಡಿಯದ ಉಕ್ಕು ಎಂದು ಪಠ್ಯಪುಸ್ತಕಗಳಲ್ಲಿದೆ, ಅಡುಗೆಮನೆಗೆ ಅದು ಸರಿ. ಸಮುದ್ರದಲ್ಲಿ ಅದು ಅಪಾಯಕಾರಿ ಭರವಸೆ. ಈ ಉಕ್ಕನ್ನು ಕಾಯುವುದು ಕ್ರೋಮಿಯಂನಿಂದ ಮೇಲ್ಮೈಯಲ್ಲಿ ತಾನಾಗಿ ಮೂಡುವ ತೆಳುಪೊರೆ. ಪೊರೆ ಗೀಚಿಹೋದರೆ ಮತ್ತೆ ಮೂಡಲು ಆಮ್ಲಜನಕ ಬೇಕು. ಗಾಳಿಯಾಡದ ಸಂದಿನಲ್ಲಿ ಉಪ್ಪುನೀರು ನಿಂತರೆ ಪೊರೆ ಮೂಡುವುದಿಲ್ಲ, ಲೋಹ ಒಳಗಿಂದೊಳಗೇ ತಿಂದುಹೋಗುತ್ತದೆ; ಹೊರಗೆ ಫಳಫಳ ಹೊಳೆಯುತ್ತಲೇ ಇರುತ್ತದೆ. ಇದನ್ನು ಸಂದುತುಕ್ಕು ಎಂದು ಕರೆದಿದ್ದೇನೆ.

ಸಂದುತುಕ್ಕು ಹೆಚ್ಚಾಗಿ ಅಡಗುವ ಜಾಗ ಚೈನ್‌ಪ್ಲೇಟ್, ಅಂದರೆ ತಂತಿಯ ಎಳೆತವನ್ನೆಲ್ಲ ದೋಣಿಯ ಒಡಲಿಗೆ ದಾಟಿಸುವ ಲೋಹದ ಪಟ್ಟಿ. ದೋಣಿಯ ಮೇಲ್ಹಾಸನ್ನು ತೂರಿ ಅದು ಕೆಳಗಿಳಿಯುವಲ್ಲಿ ನೀರು ಒಸರುತ್ತದೆ. ಹಿಂದೆ ಅಲ್ಲಿ ಸರಪಳಿಯಿತ್ತು, ಈಗಿಲ್ಲ. ಸರಪಳಿ ಫಲಕ ಎಂದು ಅನುವಾದಿಸಿದರೆ ಹುಡುಗರು ಇಲ್ಲದ ಸರಪಳಿಯನ್ನು ಹುಡುಕುತ್ತಾರೆ. ಕೊಂಡಿಪಟ್ಟಿ ಎಂದಿದ್ದೇನೆ. ತಂತಿಯ ತುದಿಯನ್ನು ಒಳಗೆ ತೂರಿಸಿ ಯಂತ್ರದಿಂದ ಒತ್ತಿ ಬಿಗಿದ ಉಕ್ಕಿನ ಕೊಳವೆಗೆ ಒತ್ತುಗೊಳವೆ. ತಂತಿಯ ಮೇಲೆ ಹರಿದು ಬಂದ ನೀರು ಕೆಳತುದಿಯ ಒತ್ತುಗೊಳವೆಯಲ್ಲಿ ನಿಲ್ಲುವುದರಿಂದ ಅಲ್ಲೇ ಮೊದಲು ಬಿರುಕು. ಬರಿಗಣ್ಣಿಗೆ ಕಾಣದ ಬಿರುಕಿಗೆ ಕೆಂಪು ದ್ರಾವಣ ಬಳಿದು, ಒರೆಸಿ, ಬಿಳಿಯ ಲೇಪ ಸಿಂಪಡಿಸಿದರೆ ಕೆಂಪು ಗೆರೆ ಎದ್ದುಬರುತ್ತದೆ. ತೋರಣಗಲ್ಲು, ಶಕ್ತಿನಗರಗಳಲ್ಲಿ ವೆಲ್ಡಿಂಗ್ ಕೆಲಸ ಮಾಡಿದವರು ಇದನ್ನು ಡಿಪಿ ಟೆಸ್ಟ್ ಎನ್ನುತ್ತಾರೆ. ಅದನ್ನು ಹಾಗೆಯೇ ಇಟ್ಟಿದ್ದೇನೆ.

ತಂತಿಯ ಕೆಳತುದಿಯಲ್ಲಿದ್ದು, ತಿರುಗಿಸಿದರೆ ಅದನ್ನು ಬಿಗಿ ಅಥವಾ ಸಡಿಲ ಮಾಡುವ ಟರ್ನ್‌ಬಕಲ್ ಕೂಡ ಹಾಗೆಯೇ ಇರಲಿ. ಆದರೆ ಅದು ತಾನಾಗಿ ತಿರುಗಿ ಸಡಿಲವಾಗದಂತೆ, ಅದನ್ನು ಕೊಂಡಿಪಟ್ಟಿಗೆ ಸೇರಿಸುವ ಮೊಳೆ ಜಾರದಂತೆ ತೂರಿಸುವ ಸಣ್ಣ ಕಾಟರ್ ಪಿನ್‌ಗೆ ಬಂಡಿಯ ಕಡಾಣಿ ಎಂಬ ಪದ ಕೊಡಲು ಬಹಳ ಆಸೆ. ಗಾಲಿ ಅಚ್ಚಿನಿಂದ ಕಳಚದಂತೆ ತಡೆಯುವುದು ಕಡಾಣಿ. ಗಾತ್ರ ಬೇರೆ, ಕೆಲಸ ಅದೇ. ಎತ್ತಿನಬಂಡಿ ಕಾಣದೆ ಬೆಳೆದವರಿಗೆ ಇದು ತಿಳಿಯುವುದೇ ಎಂಬುದೊಂದೇ ಅಳುಕು.

ಈ ತಂತಿಗಳನ್ನು ಸಾಮಾನ್ಯವಾಗಿ 10ರಿಂದ 15 ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕೆಂದು ಹೇಳುತ್ತಾರೆ. ಕ್ರೇನಿನಿಂದ ಕಂಬವನ್ನೇ ಎತ್ತಿ ಮಲಗಿಸಿ ಬದಲಿಸುವುದು ಒಂದು ಕ್ರಮ. ಕಂಬ ನಿಂತಿರುವಾಗಲೇ ಒಂದನ್ನು ಬಿಚ್ಚಿ, ಅದರ ಜಾಗದಲ್ಲಿ ಜಗ್ಗುಹಗ್ಗವನ್ನು ತಾತ್ಕಾಲಿಕವಾಗಿ ಬಿಗಿದು, ಹೊಸದನ್ನು ಕಟ್ಟಿದ ಮೇಲೆಯೇ ಮುಂದಿನದಕ್ಕೆ ಕೈಹಾಕುವುದು ಇನ್ನೊಂದು. ಈ ಎರಡನೆಯದಕ್ಕೆ ಒಂದೇ ಮಾತಿನ ಹೆಸರು ಬೇಕಾಗಿದೆ. ‘ಸರದಿ ಬದಲಿಕೆ’ ಎಂದು ಸದ್ಯಕ್ಕೆ ಬರೆದಿದ್ದೇನೆ, ತೃಪ್ತಿಯಿಲ್ಲ.

ಇಬ್ಬರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಹೊನ್ನಾವರ, ಕುಂದಾಪುರ, ಮಂಗಳೂರು ಕಡೆಯವರೇ, ಮಚವೆ, ಮಂಜಿ ಎಂಬ ಹಾಯಿಹಡಗುಗಳಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಕಂಬವನ್ನು ಪಕ್ಕದಿಂದ ಬಿಗಿಯುವ ಹಗ್ಗಕ್ಕೆ ಅವರು ಏನೆನ್ನುತ್ತಿದ್ದರು ಎಂದು ಕೇಳಿ ಬರೆಯಿರಿ. ನಮ್ಮ ಕಡೆಯವರೇ, ಗವಿಮಠದ ಜಾತ್ರೆಯಲ್ಲಿ ಬೀಡುಬಿಡುತ್ತಿದ್ದ ನಾಟಕ ಕಂಪನಿಗಳ ಡೇರೆ ಎತ್ತಿದವರು ಯಾರಾದರೂ ಇದ್ದರೆ, ನಡುಗಂಬವನ್ನು ನಾಲ್ಕು ದಿಕ್ಕಿನಿಂದ ಗೂಟಕ್ಕೆ ಬಿಗಿಯುವ ಹಗ್ಗದ ಹೆಸರು ನನಗೆ ಬೇಕು. ಬಳಕೆಯಲ್ಲಿದ್ದ ಪದವೊಂದು ಸಿಕ್ಕರೆ ಬಿಗಿತಂತಿಯನ್ನು ಅಳಿಸಿ ಅದನ್ನೇ ಬರೆಯುತ್ತೇನೆ. ಊರಿನ ಹೆಸರನ್ನೂ, ವಾಕ್ಯದಲ್ಲಿ ಅದನ್ನು ಬಳಸುತ್ತಿದ್ದ ರೀತಿಯನ್ನೂ ಜೊತೆಗೆ ತಿಳಿಸಿದರೆ ಉಪಕಾರ. ಮಳೆಗಾಲ ಮುಗಿದು ದೋಣಿಗಳು ನೀರಿಗಿಳಿಯುವ ಮೊದಲು ಹೊತ್ತಿಗೆ ಹುಡುಗರ ಕೈ ಸೇರಬೇಕು.