ಮಳೆಗಾಲಕ್ಕೆ ಮುಂಚೆ ನೆಟ್‌ವರ್ಕ್ ಪ್ರಶ್ನೋತ್ತರ: ಕೊಡಗಿನ ಅಂಗಡಿ, ಹೋಂಸ್ಟೇ, ತೋಟದ ಆಫೀಸುಗಳಿಗೆ

ಅಡ್ಮಿನ್: ಇಂದು ಸಂಜೆ ಇಲ್ಲಿ ಇಂಟರ್ನೆಟ್, ವೈಫೈ, ಸಿಸಿಟಿವಿ ಪ್ರಶ್ನೆ ಮಾತ್ರ. ಉತ್ತರ ಕೊಡುವವರು ಕುಶಾಲನಗರದ ನೆಟ್‌ವರ್ಕ್ ಇಂಜಿನಿಯರ್. ಊರು, ದೂರ, ಯಾವ ಡಬ್ಬಿ ಅಂತ ಬರೆದು ಕೇಳಿ. ಗುಡ್ ಈವ್ನಿಂಗ್ ಫೋಟೋ ಬೇಡ.

ಗೋಣಿಕೊಪ್ಪ, ದಿನಸಿ ಅಂಗಡಿ: ಸರ್, ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯೋ ಹೊತ್ತಿಗೆ ಫೈಬರ್ ಡಬ್ಬಿ (ಮೋಡೆಮ್) ಆಫ್ ಆಗಿ ಆನ್ ಆಗುತ್ತೆ. ನೆಟ್ ವಾಪಸ್ ಬರೋಕೆ ಮೂರು ನಿಮಿಷ. ಅಷ್ಟರಲ್ಲಿ ಬಿಲ್ಲಿಂಗ್ ನಿಂತು ಗಿರಾಕಿಗಳು ಸಾಲು ನಿಲ್ತಾರೆ.

ಇಂಜಿನಿಯರ್: ಇನ್ವರ್ಟರಲ್ಲಿ ಯುಪಿಎಸ್ ಮೋಡ್ ಅಂತ ಸಣ್ಣ ಸ್ವಿಚ್ ಇದೆಯಾ ನೋಡಿ. ಆ ಮೋಡ್‌ನಲ್ಲಿ ಬದಲಾವಣೆಗೆ ಸುಮಾರು 10 ಮಿಲಿಸೆಕೆಂಡ್ ಸಾಕು, ಸಾಮಾನ್ಯ ಮೋಡ್‌ನಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ. ಫೈಬರ್ ಡಬ್ಬಿ ಅಷ್ಟು ಹೊತ್ತು ತಡೆಯಲ್ಲ. ಸ್ವಿಚ್ ಇಲ್ಲದಿದ್ದರೆ 12 ವೋಲ್ಟ್ ಮಿನಿ ಯುಪಿಎಸ್ ಹಾಕಿ. ಅಡಾಪ್ಟರ್ ಮೇಲಿನ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅದಕ್ಕಿಂತ ಹೆಚ್ಚಿದ್ದರೆ ತೊಂದರೆ ಇಲ್ಲ. ಲಿಥಿಯಂ ಬ್ಯಾಟರಿಯನ್ನು ನೇರ ಡಬ್ಬಿಗೆ ಕೊಡಬೇಡಿ. 12.8 ವೋಲ್ಟ್ ಅಂತ ಬರೆದಿದ್ದರೂ ಚಾರ್ಜ್ ಆಗುವಾಗ 14.6ರವರೆಗೆ ಏರುತ್ತೆ.

ಭಾಗಮಂಡಲ, ಹೋಟೆಲ್: ಇಲ್ಲಿಗೆ ಯಾವ ಸಿಮ್ ಒಳ್ಳೇದು ಸರ್?

ನಾಪೋಕ್ಲು, ಹೋಂಸ್ಟೇ: ಸಿಗ್ನಲ್ ಬೂಸ್ಟರ್ ಆನ್‌ಲೈನಲ್ಲಿ ಸಿಗುತ್ತಲ್ಲ, ತರಿಸಬಹುದಾ?

ಇಂಜಿನಿಯರ್: ಬೇಡ. ಮೊಬೈಲ್ ರಿಪೀಟರನ್ನು (ಬೂಸ್ಟರ್ ಅಂದ್ರೂ ಇದೇ) ಟೆಲಿಕಾಂ ಕಂಪನಿಯವರು ಬಿಟ್ಟು ಬೇರೆಯವರು ಹಾಕೋದು ಕಾನೂನುಬಾಹಿರ. ಅಗ್ಗದ ಡಬ್ಬಿ ಟವರಿಗೆ ಗದ್ದಲವನ್ನೇ ವಾಪಸ್ ಕಳಿಸುತ್ತೆ, ಸುತ್ತಲಿನವರ ಕಾಲೂ ಕೆಡುತ್ತೆ. ಫೈಬರ್ ಇದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಮುಗೀತು.

ಸೋಮವಾರಪೇಟೆ ಕಡೆ, ತೋಟದ ಆಫೀಸ್: ಸರ್, ನಮ್ಮ ಆಫೀಸಿಂದ ಪಲ್ಪರ್ ಹೌಸಿಗೆ (ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಶೆಡ್) 180 ಮೀಟರ್ ಲ್ಯಾನ್ ಕೇಬಲ್, ಮರದಿಂದ ಮರಕ್ಕೆ ಕಟ್ಟಿದ್ದು. ಅಲ್ಲಿ ತೂಕದ ಕಂಪ್ಯೂಟರ್, ಎರಡು ಕ್ಯಾಮರಾ. ಸಿಡಿಲಿಗೆ ಎರಡು ಸಲ ನೆಟ್‌ವರ್ಕ್ ಸ್ವಿಚ್ ಸುಟ್ಟಿದೆ. ಈಗ ಹೊಸ ಕಾಟ. ಆಫೀಸಲ್ಲಿ ಕೇಬಲ್ ತುದಿ ಬಿಚ್ಚಿ ಹಿಡಿದರೆ ಶಾಕ್ ಹೊಡೆಯುತ್ತೆ. ಯಾವ ಸ್ವಿಚ್ ಬದಲಾಯಿಸಬೇಕು?

ಇಂಜಿನಿಯರ್: ಸ್ವಿಚ್ ಮಾತು ಆಮೇಲೆ. ಆ ಕೇಬಲನ್ನು ಯಾರೂ ಮುಟ್ಟಬೇಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಮೂರು ವಿಷಯ ಹೇಳಿ. ಕೇಬಲ್ ತುದಿಯ ಕನೆಕ್ಟರ್ ಪೂರ್ತಿ ಪ್ಲಾಸ್ಟಿಕ್ಕೋ, ಸುತ್ತ ತಗಡು ಇದೆಯೋ? ಎರಡೂ ಕಡೆಗೆ ಒಂದೇ ಕರೆಂಟ್ ಮೀಟರಾ? ಪಲ್ಪರ್ ಓಡುವಾಗ ಮಾತ್ರವಾ, ಯಾವಾಗಲೂನಾ?

ಸೋಮವಾರಪೇಟೆ ಕಡೆ, ತೋಟದ ಆಫೀಸ್: ತಗಡಿನ ಕನೆಕ್ಟರ್. ಮೀಟರ್ ಬೇರೆ ಬೇರೆ, ಟ್ರಾನ್ಸ್‌ಫಾರ್ಮರೂ ಬೇರೆ. ಪಲ್ಪರ್ ಮೋಟರ್ ಹಾಕಿದಾಗ ಜೋರು, ಇಲ್ಲದಾಗ ಇಲ್ಲ.

ಪೊನ್ನಂಪೇಟೆ, ಮೊಬೈಲ್ ಅಂಗಡಿ: ಎರಡು ಪಿನ್ ಪ್ಲಗ್ ಇದ್ದರೆ ಎಲ್ಲಾ ಕಂಪ್ಯೂಟರೂ ಸ್ವಲ್ಪ ಜುಮ್ ಅನ್ನುತ್ತೆ ಅಣ್ಣ. ಹೆದರಬೇಡಿ.

ಇಂಜಿನಿಯರ್: ಹೆದರಬೇಡಿ ಅಂತ ದಯವಿಟ್ಟು ಹೇಳಬೇಡಿ. ಅರ್ಥಿಂಗ್ ಇಲ್ಲದ ಪವರ್ ಸಪ್ಲೈ ಜುಮ್ ಅನ್ನೋದು ನಿಜ. ಒಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ ಬರೋ ಅತಿ ಸಣ್ಣ ಕರೆಂಟ್ ಅದು, ಅದಕ್ಕೇ ಟೆಸ್ಟರ್ ಉರಿದರೆ ಅದೊಂದೇ ಸಾಕ್ಷಿ ಅಲ್ಲ. ಆದರೆ ಅದು ಮೋಟರ್ ಜೊತೆ ಬಂದು ಮೋಟರ್ ಜೊತೆ ಹೋಗಲ್ಲ. ಇಲ್ಲಿ ಬಂದು ಹೋಗ್ತಿದೆ.

ನನ್ನ ಅನುಮಾನ ಹೀಗೆ. ಪಲ್ಪರ್ ಮೋಟರಿನ ವೈಂಡಿಂಗ್ ನೀರು ಹಿಡಿದು ಮೈಗೆ ಸೋರ್ತಿದೆ. ಅಲ್ಲಿನ ಅರ್ಥಿಂಗ್ ಗುಂಡಿ ಸತ್ತಿದೆ, ಸೋರಿದ ಕರೆಂಟ್ ಭೂಮಿಗೆ ಇಳೀತಿಲ್ಲ. ಹಾಗಾಗಿ ಆ ಕಟ್ಟಡದ ಅರ್ಥ್ ತಂತಿಗೆ ಸೇರಿದ ಲೋಹ ಎಲ್ಲಾ ವೋಲ್ಟೇಜ್ ಹೊತ್ತು ನಿಂತಿದೆ. ಸಾಮಾನ್ಯ ಲ್ಯಾನ್ ಕೇಬಲ್ ಆಗಿದ್ದರೆ ಅದು ನಿಮ್ಮ ಆಫೀಸಿಗೆ ಬರ್ತಿರಲಿಲ್ಲ, ಯಾಕಂದ್ರೆ ಪ್ರತಿ ಪೋರ್ಟ್ ಒಳಗೂ 1500 ವೋಲ್ಟ್ ತಡೆಯೋ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ. ನಿಮ್ಮದು ಶೀಲ್ಡ್ ಕೇಬಲ್, ಅಂದರೆ ಒಳಗಿನ ತಂತಿಗಳ ಸುತ್ತ ಲೋಹದ ಹೊದಿಕೆ ಇರೋದು. ಶೀಲ್ಡ್ ಆ ಟ್ರಾನ್ಸ್‌ಫಾರ್ಮರ್ ಮೂಲಕ ಹೋಗಲ್ಲ, ಕನೆಕ್ಟರಿನ ತಗಡಿಂದ ನೇರ ಡಬ್ಬಿಯ ಮೈಗೆ ಸೇರುತ್ತೆ. ಅಂದರೆ ಪಲ್ಪರ್ ಹೌಸಿನ ಕೆಟ್ಟ ಅರ್ಥನ್ನು 180 ಮೀಟರ್ ಎಳೆದು ನಿಮ್ಮ ಮೇಜಿನ ಮೇಲೆ ಇಟ್ಟಿದ್ದೀರಿ. ಸಿಡಿಲು ಬಂದಾಗಲೂ ಇದೇ ಕಥೆ. ಹತ್ತಿರ ಎಲ್ಲೋ ಬಡಿದರೂ ಎರಡು ಕಟ್ಟಡದ ನೆಲದ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಆಗುತ್ತೆ, ಸಮ ಆಗೋಕೆ ಇರೋ ಸುಲಭದ ದಾರಿ ನಿಮ್ಮ ಕೇಬಲ್. ಮೂರನೇ ಸ್ವಿಚ್ ಹಾಕಿದರೂ ಸುಡುತ್ತೆ.

ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ. ಅಲ್ಲಿವರೆಗೆ ಮೋಟರ್ ಬಂದ್. ಎರಡೂ ಕಡೆಯ ಮೇನ್ ಇಳಿಸಿ, ಅವರೇ ಮಲ್ಟಿಮೀಟರ್ ಇಟ್ಟು ನೋಡಿ ಕೇಬಲ್ ಬಿಚ್ಚಲಿ. ಒಂದೇ ಕಡೆ ಆಫ್ ಮಾಡಿದರೆ ಸಾಲದು. ಮೋಟರಿಗೆ ಮೆಗ್ಗರ್ (ವೈಂಡಿಂಗ್ ಸೋರಿಕೆ ಪರೀಕ್ಷಿಸೋ ಮೀಟರ್) ಹಾಕಿಸಿ, ಅರ್ಥಿಂಗ್ ಹೊಸದು ಮಾಡಿಸಿ, ಎರಡೂ ಕಡೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳೋ ಬ್ರೇಕರ್) ಹಾಕಿಸಿ. ಆರ್‌ಸಿಸಿಬಿ ಪದೇಪದೇ ಬೀಳುತ್ತೆ ಅಂತ ಬೈಪಾಸ್ ಮಾಡೋರಿದ್ದಾರೆ. ಬೀಳೋದೇ ಅದರ ಕೆಲಸ.

ನೆಟ್ ವಿಷಯ: ತಾಮ್ರದ ಲ್ಯಾನ್‌ಗೆ ಮಿತಿ 100 ಮೀಟರ್, ನಿಮ್ಮದು ಇಷ್ಟು ದಿನ ಓಡಿದ್ದೇ ಅದೃಷ್ಟ. ಸಿಂಗಲ್ ಮೋಡ್ ಫೈಬರ್ 200 ಮೀಟರ್ ತನ್ನಿ, ಎರಡೂ ತುದಿಗೆ ಹತ್ತು ಹತ್ತು ಮೀಟರ್ ಸುರುಳಿ ಉಳಿಯಲಿ. ಅಂಗಡಿಯಲ್ಲಿ ಸಿಗೋ ಡ್ರಾಪ್ ಕೇಬಲ್ ತುಂಬಾದಕ್ಕೆ ಪಕ್ಕದಲ್ಲಿ ಉಕ್ಕಿನ ತಂತಿ ಇರುತ್ತೆ. ಅದು ಬೇಡ, ಲೋಹವೇ ಇಲ್ಲದ ಎಫ್‌ಆರ್‌ಪಿ (ನಾರು ಸೇರಿದ ಗಟ್ಟಿ ಪ್ಲಾಸ್ಟಿಕ್) ಕಡ್ಡಿಯದು ಕೇಳಿ. ಇಲ್ಲದಿದ್ದರೆ ಫೈಬರ್ ಹಾಕಿಯೂ ಸಿಡಿಲಿಗೆ ತಂತಿ ಕಟ್ಟಿಕೊಟ್ಟ ಹಾಗಾಯ್ತು. ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್‌ಗೆ ಜೋಡಿಸೋ ಡಬ್ಬಿ) ಜೋಡಿ ತಗೊಳ್ಳಿ, ಒಂದು ‘ಎ’, ಒಂದು ‘ಬಿ’. ಒಂದು 1310 ನ್ಯಾನೋಮೀಟರ್ ಬೆಳಕಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತೆ, ಒಂದೇ ಎಳೆ ಸಾಕು. ಎರಡೂ ‘ಎ’ ತಂದರೆ ಲಿಂಕ್ ದೀಪ ಹತ್ತಲ್ಲ. ಕನೆಕ್ಟರ್ ನೀಲಿಗೆ ನೀಲಿ, ಹಸಿರಿಗೆ ಹಸಿರು. ಹಸಿರು ತುದಿ ಓರೆಯಾಗಿ ಉಜ್ಜಿದ್ದು, ನೀಲಿಗೆ ಸಿಕ್ಕಿಸಿದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತೆ. ಪೈಪಿನಲ್ಲಿ ಹಾಕಿ ರಸ್ತೆ ಅಂಚಿಗೆ ಹೂಳಿ. ಕಾಫಿ ಸಾಲಿನ ಮಧ್ಯೆ ಹೂಳಿದರೆ ಮುಂದಿನ ವರ್ಷ ಗುಂಡಿ ತೋಡುವಾಗ ಗುದ್ದಲಿಗೆ ಸಿಗುತ್ತೆ.

ನಾಪೋಕ್ಲು, ಹೋಂಸ್ಟೇ: ರೂಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಟ್ಟರೆ ಸ್ಪೀಡ್ ಎರಡು ಪಟ್ಟು ಅಂತ ವಿಡಿಯೋ ಬಂದಿದೆ, ಹಾಕಲಾ?

ಇಂಜಿನಿಯರ್: ಫಾಯಿಲಲ್ಲಿ ಕರಿಮೀನು ಸುಡಿ. ರೂಟರ್ ಬೀರುವಿನ ಹಿಂದಿದ್ದರೆ ಈಚೆ ತಂದಿಡಿ.

ಸುಂಟಿಕೊಪ್ಪ, ಹೋಂಸ್ಟೇ: ಮೇಲಿನ ಮನೆಯಿಂದ ಕೆಳಗಿನ ಕಾಟೇಜಿಗೆ 700 ಮೀಟರ್, 5 ಗಿಗಾಹರ್ಟ್ಸ್ ವೈರ್‌ಲೆಸ್ ನೆಟ್ ಡಿಶ್ ಜೋಡಿ. ಫೆಬ್ರವರಿಯಲ್ಲಿ ಹಾಕಿದಾಗ ಚೆನ್ನಾಗಿತ್ತು. ಕಳೆದ ಜೂನಲ್ಲಿ ಸತ್ತೇ ಹೋಯ್ತು. ಎದುರು ಮನೆ ಕಾಣುತ್ತೆ, ಮಧ್ಯೆ ಸಿಲ್ವರ್ ಓಕ್ ತುದಿ ಸ್ವಲ್ಪ.

ಇಂಜಿನಿಯರ್: ಕಣ್ಣಿಗೆ ಕಂಡರೆ ಸಾಲದು. 700 ಮೀಟರಿಗೆ ನಡುದಾರಿಯಲ್ಲಿ ಅಲೆಗೆ ಸುಮಾರು 3 ಮೀಟರ್ ತ್ರಿಜ್ಯದ ಜಾಗ ಬೇಕು, ಅದರಲ್ಲಿ ಶೇ. 60 ಆದರೂ ಖಾಲಿ ಇರಬೇಕು. ಒದ್ದೆ ಎಲೆ 5 ಗಿಗಾಹರ್ಟ್ಸನ್ನು ನುಂಗುತ್ತೆ. ಮರಗಸಿ (ನೆರಳು ಮರದ ಕೊಂಬೆ ಸವರೋದು) ಆದ ಮೇಲೆ ಸರಿಹೋಗಿ, ಚಿಗುರಿದ ಮೇಲೆ ಮತ್ತೆ ಕೆಡೋದು ಅದಕ್ಕೇ. ಕಂಬ 2 ಮೀಟರ್ ಎತ್ತರಿಸಿ, ಇಲ್ಲವೇ ಡಿಶ್ಶನ್ನು ಮನೆಯ ಇನ್ನೊಂದು ಮೂಲೆಗೆ ಸರಿಸಿ.

ಸುಂಟಿಕೊಪ್ಪ, ಹೋಂಸ್ಟೇ: ಪಕ್ಕದ ತೋಟದವರು ನಾಲ್ಕು ಮರದ ತಲೆ ತೆಗೆದರೆ ಸಾಕು. ಹೇಳಿ ಹೇಳಿ ಸಾಕಾಯ್ತು.

ಸುಂಟಿಕೊಪ್ಪ, ಪಕ್ಕದ ತೋಟ: ನಾನೂ ಈ ಗ್ರೂಪಲ್ಲೇ ಇದ್ದೀನಿ. ಆ ಮರಕ್ಕೆ ಹಬ್ಬಿರೋ ಮೆಣಸಿನ ಬಳ್ಳಿಗೆ ನೀವು ದುಡ್ಡು ಕೊಡ್ತೀರಾ? ನಿಮ್ಮ ಗೆಸ್ಟ್ ರೀಲ್ಸ್ ನೋಡೋಕೆ ನಮ್ಮ ಮರ ಕಡೀಬೇಕಾ?

ಸುಂಟಿಕೊಪ್ಪ, ಹೋಂಸ್ಟೇ: ಕಡೀರಿ ಅಂದಿಲ್ಲ, ಕಪಾತು ಅಂದೆ. ನಿಮ್ಮ ಲೈನ್ ಮನೆ (ತೋಟದ ಕೆಲಸಗಾರರ ಮನೆ) ಹುಡುಗರು ನಮ್ಮ ವೈಫೈ ಬಳಸುವಾಗ ನಾನು ಲೆಕ್ಕ ಕೇಳಿದ್ನಾ?

ಸುಂಟಿಕೊಪ್ಪ, ಪಕ್ಕದ ತೋಟ: ಪಾಸ್‌ವರ್ಡ್ ಗೋಡೆ ಮೇಲೆ ಬರೆದಿಟ್ಟೋರು ಯಾರು?

ಅಡ್ಮಿನ್: ಇಬ್ಬರೂ ಫೋನಲ್ಲಿ ಮಾತಾಡಿಕೊಳ್ಳಿ.

ಇಂಜಿನಿಯರ್: ಮರ ಕಡಿಯಿರಿ ಅಂತ ನಾನೆಲ್ಲೂ ಬರೆದಿಲ್ಲ. ಕಂಬ ಎತ್ತರಿಸಿ ಅಂದೆ. ಗೋಡೆ ಮೇಲೆ ಪಾಸ್‌ವರ್ಡ್ ಬರೆಯೋರು ಕನಿಷ್ಠ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ. ಬಿಲ್ಲಿಂಗ್ ಕಂಪ್ಯೂಟರ್, ಕ್ಯಾಮರಾ, ಅತಿಥಿಗಳ ಫೋನ್ ಒಂದೇ ವೈಫೈಯಲ್ಲಿ ಇರಬಾರದು.

ಮೂರ್ನಾಡು, ಬಟ್ಟೆ ಅಂಗಡಿ: ಸಿಸಿಟಿವಿ ಹೊರಗಿಂದ ಕಾಣಲ್ಲ. ಪೋರ್ಟ್ ಫಾರ್ವರ್ಡ್ (ಹೊರಗಿಂದ ಕ್ಯಾಮರಾಗೆ ರೂಟರಲ್ಲಿ ದಾರಿ ಬಿಡೋದು) ಮಾಡಿದ್ದೀನಿ.

ಇಂಜಿನಿಯರ್: ರೂಟರಿನ ವ್ಯಾನ್ ಐಪಿ (ಕಂಪನಿ ಕೊಟ್ಟ ಹೊರಗಿನ ವಿಳಾಸ) ನೋಡಿ. 100.64ರಿಂದ 100.127ರೊಳಗೆ ಶುರುವಾದರೆ ಕಂಪನಿ ಒಂದೇ ವಿಳಾಸ ಹಲವರಿಗೆ ಹಂಚಿದೆ, ಪೋರ್ಟ್ ಫಾರ್ವರ್ಡ್ ಆಗಲ್ಲ. ಕ್ಯಾಮರಾ ಕಂಪನಿಯ ಆಪ್ ಬಳಸಿ ಅಥವಾ ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಇರೋ, ಬದಲಾಗದ ವಿಳಾಸ) ಕೇಳಿ.

ಭಾಗಮಂಡಲ, ಹೋಟೆಲ್: ಸರ್ ಸಿಮ್?

ಸಿದ್ದಾಪುರ, ಬೇಕರಿ: ಫಾರ್ವರ್ಡ್ ಬಂದಿದೆ: “ಸಿಗ್ನಲ್ ಹೆಚ್ಚಿಸಲು *401* ಹಾಕಿ ಮುಂದೆ ಈ ನಂಬರ್ ಒತ್ತಿ ಡಯಲ್ ಮಾಡಿ.” ಎಲ್ಲರೂ ಮಾಡಿ ನೋಡಿ, ಉಪಯೋಗ ಆಗಬಹುದು.

ಇಂಜಿನಿಯರ್: ಯಾರೂ ಮಾಡಬೇಡಿ! ಅದು ಸಿಗ್ನಲ್ ಕೋಡ್ ಅಲ್ಲ, ಕಾಲ್ ಫಾರ್ವರ್ಡ್ ಕೋಡ್. ನಿಮಗೆ ಬರೋ ಕಾಲ್ ಕಳ್ಳನ ನಂಬರಿಗೆ ಹೋಗುತ್ತೆ. ಒಟಿಪಿಯನ್ನು ಕಾಲ್ ಮೂಲಕ ತರಿಸಿಕೊಂಡು ನಿಮ್ಮ ವಾಟ್ಸಾಪ್ ಹಿಡೀತಾನೆ, ಆಮೇಲೆ ಗಿರಾಕಿಗಳ ಹತ್ತಿರ ನಿಮ್ಮ ಹೆಸರಲ್ಲಿ ದುಡ್ಡು ಕೇಳ್ತಾನೆ. ಡಯಲ್ ಮಾಡಿದ್ದರೆ ಈಗಲೇ ಫೋನ್ ಸೆಟ್ಟಿಂಗಲ್ಲಿ ಕಾಲ್ ಫಾರ್ವರ್ಡಿಂಗ್ ಪೂರ್ತಿ ಆಫ್ ಮಾಡಿ, ವಾಟ್ಸಾಪಿಗೆ ಎರಡು ಹಂತದ ಪಿನ್ ಹಾಕಿ. ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ಸಿದ್ದಾಪುರದವರೇ, ಮೊದಲು ಆ ಮೆಸೇಜ್ ಡಿಲೀಟ್ ಮಾಡಿ.

ಸಿದ್ದಾಪುರ, ಬೇಕರಿ: ನಾನು ಒಳ್ಳೇದಕ್ಕೇ ಹಾಕಿದ್ದು. ಬೈಯೋ ಅಗತ್ಯ ಇರಲಿಲ್ಲ.

ಇಂಜಿನಿಯರ್: ಡಿಲೀಟ್ ಆಗಿಲ್ಲ ಇನ್ನೂ.

ಕುಟ್ಟ, ಮೆಡಿಕಲ್ಸ್: ಬೂಸ್ಟರ್ ಹಾಕಬಹುದಾ ಸರ್?

ಇಂಜಿನಿಯರ್: ಮೇಲೆ ಓದಿ.

ಗೋಣಿಕೊಪ್ಪ, ದಿನಸಿ ಅಂಗಡಿ: ಸೌಂಡ್‌ಬಾಕ್ಸ್ ಕೆಲವು ಸಲ ಮಾತಾಡಲ್ಲ. ಗಿರಾಕಿ ಸ್ಕ್ರೀನ್ ತೋರಿಸ್ತಾನೆ, ನಂಬೋದಾ?

ಇಂಜಿನಿಯರ್: ನಿಮ್ಮ ಆಪಲ್ಲಿ ಬಂದಿದ್ದರೆ ಮಾತ್ರ. ಸ್ಕ್ರೀನ್ ಯಾರು ಬೇಕಾದರೂ ಮಾಡ್ತಾರೆ. ಹೆಚ್ಚಿನ ಬಾಕ್ಸ್‌ಗಳಲ್ಲಿ ಸ್ವಂತ ಸಿಮ್ ಇರುತ್ತೆ, ನಿಮ್ಮ ವೈಫೈಗೂ ಅದಕ್ಕೂ ಸಂಬಂಧ ಇಲ್ಲ. ಕಿಟಕಿ ಕಡೆ ಇಡಿ.

ಸೋಮವಾರಪೇಟೆ ಕಡೆ, ತೋಟದ ಆಫೀಸ್ (ಮರುದಿನ ಬೆಳಿಗ್ಗೆ): ಎಲೆಕ್ಟ್ರಿಷಿಯನ್ ಬಂದಿದ್ರು ಸರ್. ಪಲ್ಪರ್ ಮೋಟರ್ ವೈಂಡಿಂಗೇ ಲೀಕ್, ಅರ್ಥಿಂಗ್ ತಂತಿ ಗುಂಡಿ ಹತ್ತಿರ ತುಕ್ಕು ಹಿಡಿದು ತುಂಡಾಗಿದೆ. ಮೋಟರ್ ರಿವೈಂಡಿಂಗಿಗೆ ಹೋಯ್ತು. ಕೇಬಲ್ ಎರಡೂ ಕಡೆ ಬಿಚ್ಚಿದ್ದೀವಿ, ಮರದಲ್ಲಿ ಹಾಗೇ ಇರಲಿ ಅಂತ ಬಿಟ್ಟಿದ್ದೀವಿ. ಫೈಬರ್ ಬಂದ ಮೇಲೆ ನೋಡೋಣ.

ಇಂಜಿನಿಯರ್: ಬಿಡಬೇಡಿ, ಇಂದೇ ಇಳಿಸಿ ಸುತ್ತಿಡಿ. ಲೈನ್ ಮನೆ ಪಕ್ಕ ಹಾದು ಹೋಗೋ ತಂತಿಗೆ ಯಾರಾದರೂ ಬಟ್ಟೆ ಒಣಗಿಸ್ತಾರೆ. ಇನ್ನೊಂದು ವರ್ಷಕ್ಕೆ ಯಾರೋ ಗೊತ್ತಿಲ್ಲದೆ ಅದರ ತುದಿಯನ್ನು ಮತ್ತೆ ಸ್ವಿಚ್ಚಿಗೆ ಸಿಕ್ಕಿಸ್ತಾರೆ.